ಅಕ್ಕಾರು ‘ನೋಡಬಹುದು’ ಅಂದರೆ

ಕಂಪ್ಲಿಯ ನಮ್ಮ ಓಣಿಯಲ್ಲಿ ಹೆಂಗಸರು ಯಾವ ಸಿನಿಮಾ ನೋಡಬೇಕು, ಯಾವುದು ನೋಡಬಾರದು ಎಂದು ತೀರ್ಮಾನಿಸುವವರು ಅಕ್ಕನಾಗಮ್ಮ. ಪತ್ರಿಕೆಯವರು ಎಷ್ಟು ನಕ್ಷತ್ರ ಕೊಟ್ಟರೂ ನಮಗೆ ಅದು ಲೆಕ್ಕಕ್ಕಿಲ್ಲ. ಅಕ್ಕಿ ಗಿರಣಿಯ ಅಂದಾನಪ್ಪನವರ ಹೆಂಡತಿ ಈಕೆ. ಅರವತ್ತು ದಾಟಿದೆ, ಹಣೆ ತುಂಬ ವಿಭೂತಿ, ಮೂಗಿನ ತುದಿಗೆ ಜಾರುವ ಕನ್ನಡಕ. ಅವರು “ನೋಡಬಹುದು” ಅಂದರೆ ಸಾಕು, ಎಂಥ ಕಡಕ್ ಅತ್ತೆಯಾದರೂ ಸೊಸೆಗೆ “ಏಳು, ಸೀರಿ ಉಟ್ಕೊ” ಅನ್ನುತ್ತಾಳೆ. “ಬ್ಯಾಡ ಬಿಡ್ರಿ” ಅಂದರೆ ಮುಗಿಯಿತು, ಹೀರೋ ಬಂದು ಬಾಗಿಲು ತಟ್ಟಿದರೂ ಯಾರೂ ಹೊಸ್ತಿಲು ದಾಟುವುದಿಲ್ಲ. “ಅಕ್ಕಾರು ಹೇಳ್ಯಾರ” ಅನ್ನುವ ಮಾತು ನಮ್ಮಲ್ಲಿ ರೇಷನ್ ಕಾರ್ಡಿನ ಹಾಗೆ, ಯಾವ ಮನೆಯಲ್ಲಿ ತೋರಿಸಿದರೂ ನಡೆಯುತ್ತದೆ.

ಈ ಅಧಿಕಾರ ಬಂದದ್ದು ಗಿರಣಿಯಿಂದಲ್ಲ, ಓದಿನಿಂದ. ಸೋಮವಾರ ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ಅಕ್ಕನ ಬಳಗ ಸೇರುತ್ತದೆ. ಮೊದಲು ವಚನ ಹಾಡುತ್ತಾರೆ, ಮಂಗಳಾರತಿ ಆಗುತ್ತದೆ, ಒಗ್ಗರಣೆ ಮಂಡಕ್ಕಿ, ಚಹಾ ಬರುತ್ತದೆ. ಆಮೇಲೆ ಅಕ್ಕನಾಗಮ್ಮ ಕನ್ನಡಕ ಒರೆಸಿಕೊಂಡು ಕಾದಂಬರಿ ತೆರೆಯುತ್ತಾರೆ. ಗಂಡಸಿನ ಮಾತಿಗೆ ಗಂಡಸಿನ ದನಿ, ಮುದುಕಿಯ ಮಾತಿಗೆ ಮುದುಕಿಯ ದನಿ. ಅತ್ತೆಯರು ಸೊಸೆಯರನ್ನು ಬಯ್ಯುವುದನ್ನು ಮರೆತು ಬಾಯಿ ತೆರೆದು ಕೂರುತ್ತಾರೆ. ವಾರಕ್ಕೊಮ್ಮೆ ಅಷ್ಟು ಹೊತ್ತು ಆ ಮನೆಯಲ್ಲಿ ಎಲ್ಲರೂ ಒಂದೇ ವಯಸ್ಸಿನವರು.

ನಾನು ಅವರ ಪೈಕಿಯವಳಲ್ಲ. ಪಂಪಾವತಿ ಅಂತ ನನ್ನ ಹೆಸರು, ಬ್ಲೌಸು ಹೊಲಿಯುವವಳು. ಅಳತೆಯ ರವಿಕೆ ಇಸಿದುಕೊಳ್ಳಲು ಹೋದವಳು ಒಂದು ಸೋಮವಾರ ಬಾಗಿಲ ಬಳಿ ನಿಂತು ಕಥೆ ಕೇಳುತ್ತಿದ್ದೆ. “ನಿಂತು ಕೇಳಿದ್ರ ಕಥಿ ಅರ್ಧಾನ ತಿಳೀತದ, ಒಳಗ ಬಂದು ಕುಂದ್ರು” ಅಂದರು ಅಕ್ಕನಾಗಮ್ಮ. ಕೆಲವರ ಮುಖ ಹುಳ್ಳಗಾಯಿತು. ಆಗಲಿ ಬಿಡಿ. ಅವರ ರವಿಕೆಗಳೆಲ್ಲ ನನ್ನ ಕತ್ತರಿಯ ಕೆಳಗಿದ್ದವು, ಯಾರೂ ಬಾಯಿ ಬಿಡಲಿಲ್ಲ.

ಅಕ್ಕನಾಗಮ್ಮ ಧೈರ್ಯಸ್ಥೆ ಎಂದು ಊರೆಲ್ಲ ಹೇಳುತ್ತದೆ. ಗಿರಣಿಯ ಅಂಗಳದಲ್ಲಿ ಹಮಾಲರು ಕೈ ಕೈ ಮಿಲಾಯಿಸಿದಾಗ ಈಕೆ ಮಹಡಿಯಿಂದ ಒಂದು ಸಲ ಕೂಗಿದರೆ ಜಗಳ ನಿಲ್ಲುತ್ತಿತ್ತಂತೆ. ನಾನೂ ಹಾಗೆಯೇ ನಂಬಿದ್ದೆ. ಈಗ ಹೇಳುತ್ತೇನೆ, ಅವರಷ್ಟು ಅಂಜುವ ಮನುಷ್ಯರನ್ನು ನಾನು ಕಂಡಿಲ್ಲ. ಹದಿನೆಂಟಕ್ಕೆ ಮದುವೆಯಾಗಿ ಈ ಮನೆಗೆ ಬಂದಾಗ ಮಾವ ಪುಸ್ತಕ ಕಂಡರೆ ತಾಟು ಎಸೆಯುತ್ತಿದ್ದರು. ಅಕ್ಕನಾಗಮ್ಮ ತೌಡಿನ ಚೀಲಗಳ ಹಿಂದೆ ಕೂತು ಓದುತ್ತಿದ್ದರು. ಗಿರಣಿಯ ಬೆಲ್ಟಿನ ಸದ್ದಿನಲ್ಲಿ ಹೆಜ್ಜೆಯ ಸದ್ದು ಕೇಳದು, ಅದಕ್ಕೆ ಓದುವಾಗ ಒಂದು ಕಣ್ಣು ಯಾವಾಗಲೂ ಬಾಗಿಲ ಕಡೆ. ಮಾವ ತೀರಿಕೊಂಡು ಬಹಳ ಕಾಲವಾಯಿತು. ಆ ಕಣ್ಣು ಮಾತ್ರ ಇವತ್ತಿಗೂ ಬಾಗಿಲ ಕಡೆಗೇ ಇದೆ.

ಅವರು ಓದಿದ ಕಾದಂಬರಿಗಳಲ್ಲಿ ನಮಗೆ ಜೀವಕ್ಕೆ ಹತ್ತಿರವಾದದ್ದು ‘ಮಡುವಿನ ಮನೆ’. ಪದ್ಮಲೇಖಾ ಅನ್ನುವ ಹುಡುಗಿ ಹೊಳೆಯ ಮಡುವಿನ ದಂಡೆಯಲ್ಲಿರುವ ದೊಡ್ಡ ಮನೆಗೆ ಸೊಸೆಯಾಗಿ ಬರುತ್ತಾಳೆ. ಮನೆಯಲ್ಲಿ ಗಂಡ, ಗಂಡನ ತಾಯಿ. ಗಂಡನಿಗೆ ಸಂಶಯದ ರೋಗ. ಹೊರಗೆ ಹೋಗುವಾಗ ಅವಳನ್ನು ಮಾಳಿಗೆಯಲ್ಲಿ ಹಾಕಿ ಕೀಲಿ ಜಡಿದು ಹೋಗುತ್ತಾನೆ. ಕಿಟಕಿಯ ಕೆಳಗೆ ಹರಿಗೋಲಿನವನೊಬ್ಬ ಹಾಡುತ್ತಾ ಹೋಗುತ್ತಾನೆ, ಅವಳ ಪಾಲಿಗೆ ಅವನು ಒಡಹುಟ್ಟಿದವನಂತೆ. ಅವಳು ತಾಳುತ್ತಾಳೆ, ತಾಳುತ್ತಾಳೆ, ಕಡೆಗೊಂದು ದಿನ ಗಂಡ ಕೀಲಿಗೊಂಚಲನ್ನು ಅವಳ ಮಡಿಲಿಗೆ ಹಾಕಿ, ಕಾಲು ಹಿಡಿದು ಗೊಳೋ ಎಂದು ಅಳುತ್ತಾನೆ. ಅಲ್ಲಿಗೆ ಅಕ್ಕನಾಗಮ್ಮ ಪುಸ್ತಕ ಮುಚ್ಚಿ “ಮುಕ್ತಾಯ” ಅನ್ನುತ್ತಿದ್ದರು. ಎಷ್ಟು ಸಲ ಓದಿಸಿಕೊಂಡರೂ ನಾವು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೆವು. ಎಣ್ಣೆ ಅಂಗಡಿಯ ಮನೆಯವರು ಮೊಮ್ಮಗಳಿಗೆ ಪದ್ಮಲೇಖಾ ಎಂದೇ ಹೆಸರಿಟ್ಟರು. ಈಗ ಆ ಕೂಸನ್ನು ಎಲ್ಲರೂ ಪದ್ದಿ ಅನ್ನುತ್ತಾರೆ, ಅದು ಬೇರೆ ಮಾತು.

ಆ ಕಥೆಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಸೌಜನ್ಯ. ಸಂಡೂರಿನ ಹುಡುಗಿ. ನಮ್ಮ ಓಣಿಯ, ಬಳಗದ ಹಂಪಮ್ಮನ ಮಗ ಶಂಭುಲಿಂಗನಿಗೆ ಕೊಟ್ಟಿದ್ದರು. ಆತನಿಗೆ ಲಾರಿ ವ್ಯವಹಾರ. ಬಿಳಿ ಅಂಗಿ, ಮೆತ್ತನೆಯ ಮಾತು, ಎದುರು ಬಂದರೆ ಕೈ ಮುಗಿಯುವವ. ಮದುವೆಯಾದ ಮೊದಲ ಬೇಸಗೆಯಲ್ಲಿ ಸೌಜನ್ಯ ನನ್ನ ಹತ್ತಿರ ಬ್ಲೌಸಿಗೆ ಬಂದಳು. ಕಂಪ್ಲಿಯ ಬಿಸಿಲು ಗೊತ್ತಲ್ಲ, ಕಾಗೆಯೂ ನೆರಳು ಬಿಟ್ಟು ಹಾರುವುದಿಲ್ಲ. “ತೋಳು ಮಣಿಕಟ್ಟಿನ ತನಕ ಇಡ್ರಿ ಅಕ್ಕ” ಅಂದಳು. ಟೇಪು ಹಿಡಿದು ತೋಳೆತ್ತಿಸಿದರೆ ಒಳಗೆ ನೀಲಿಗಟ್ಟಿದ ಬೆರಳುಗಳ ಗುರುತು. ನಾನು ಅವತ್ತೇ ಅಕ್ಕನಾಗಮ್ಮನಿಗೆ ಹೇಳಿದೆ. ಅವರು ಬಾಗಿಲ ಕಡೆ ನೋಡಿ, “ಮೆಲ್ಲಕ ಮಾತಾಡು” ಅಂದರು. ಅವರೇ ಗುಟ್ಟಾಗಿ ಸಂಡೂರಿಗೆ ಫೋನು ಮಾಡಿಸಿರಬೇಕು, ಸೌಜನ್ಯಳ ಅಪ್ಪ ಬಂದು ಕರೆದುಕೊಂಡು ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಶಂಭುಲಿಂಗ ಸಂಡೂರಿಗೆ ಹೋಗಿ ಮಾವನ ಕಾಲಿಗೆ ಬಿದ್ದ. ಅಲ್ಲಿನ ಓಣಿಯ ಜನ ನೋಡುವ ಹಾಗೆ ಅತ್ತ. ಸೌಜನ್ಯ ತಾನಾಗಿ ಗಾಡಿ ಹತ್ತಿ ಬಂದಳು. ಮುಂದಿನ ಸೋಮವಾರ ಪಡಸಾಲೆಯಲ್ಲಿ ಎಲ್ಲರೂ ಕೇಳಿದ್ದಕ್ಕೆ ಆಕೆ ನಾಚಿಕೊಂಡು, “ಪದ್ಮಲೇಖಾನ ಗಂಡಾನೂ ಮೊದಲ ಹಂಗ ಇದ್ನಲ್ರೀ, ಕಡೀಗೆ ಬದಲಾಗಲಿಲ್ಲೇನು” ಅಂದಳು. ಹೆಂಗಸರೆಲ್ಲ ಅವಳ ಗಲ್ಲ ಹಿಡಿದು ಮುತ್ತಿಟ್ಟರು. ಅಕ್ಕನಾಗಮ್ಮ ಎದ್ದು ಒಳಗೆ ಹೋದರು. ಚಹಾ ತರುತ್ತಾರೆ ಎಂದು ನಾವು ಕಾದೆವು. ಅವರು ಬಹಳ ಹೊತ್ತು ಬರಲೇ ಇಲ್ಲ.

ಇಷ್ಟಾಗಿ ಒಂದು ವರ್ಷದ ಮೇಲೆ ‘ಮಡುವಿನ ಮನೆ’ ಸಿನಿಮಾ ಆಗಿದೆ ಎಂಬ ಸುದ್ದಿ ಬಂತು. ಹೊಸಪೇಟೆಯ ಥಿಯೇಟರಿಗೂ ಬಂದಿದೆ ಎಂದರು. ಪಡಸಾಲೆಯಲ್ಲಿ ಮದುವೆ ಮನೆಯ ಗದ್ದಲ. ಪದ್ದಿಯ ಅಜ್ಜಿ ಬಸ್ಸು ಮಾಡಿಕೊಂಡು ಎಲ್ಲರೂ ಹೋಗೋಣ ಎಂದು ಕುಣಿಯುತ್ತಿದ್ದಳು. ಹಂಪಮ್ಮನಂಥ ಹಂಪಮ್ಮ, ದೇವಸ್ಥಾನ ಬಿಟ್ಟರೆ ಎಲ್ಲಿಗೂ ಹೋಗದವಳು, “ನಮ್ಮ ಕಥಿ ಅಂದ ಮ್ಯಾಲೆ ನೋಡೂದ” ಅಂದಳು. ಸೌಜನ್ಯಳ ಸಂತೋಷಕ್ಕೆ ಇನ್ನೊಂದು ಕಾರಣವೂ ಇತ್ತು. ಶಂಭುಲಿಂಗ ಕುರೆಕುಪ್ಪದಲ್ಲಿ ಬೇರೆ ಮನೆ ಹಿಡಿದಿದ್ದ. ಅತ್ತೆಯ ಕಾಟ ಬೇಡ, ಇಬ್ಬರೇ ಇರೋಣ ಎಂದಿದ್ದನಂತೆ. ಮುಂದಿನ ಗುರುವಾರ ಹಾಲು ಉಕ್ಕಿಸುವುದು. “ಮ್ಯಾಲಿನ ಮನಿ ಅಕ್ಕ, ಒಂದಾ ರೂಮು, ಭಾಳ ಗಾಳಿ ಬರ್ತದಂತ” ಎಂದು ನನಗೆ ಪರದೆ ಹೊಲಿಯಲು ಹೇಳಿದಳು.

ಎಲ್ಲರೂ ಅಕ್ಕನಾಗಮ್ಮನ ಮುಖ ನೋಡಿದರು. ಅದು ಸುಣ್ಣದ ಹಾಗೆ ಬೆಳ್ಳಗಾಗಿತ್ತು.

“ಮೊದಲ ನಾ ನೋಡಿ ಬರ್ತೀನಿ. ಆಮ್ಯಾಲೆ ಹೇಳ್ತೀನಿ.”

ಅದು ಹೊಸ ಮಾತೇನಲ್ಲ. ಯಾವ ಸಿನಿಮಾ ಆದರೂ ಅವರು ಮೊದಲು ನೋಡಿ ಬಂದೇ ಹೇಳುವುದು. ಪ್ರತಿ ಸಲ ಅಂದಾನಪ್ಪನವರು ಜೊತೆಗೆ ಹೋಗುತ್ತಿದ್ದರು. ಈ ಸಲ ನನ್ನನ್ನು ಕರೆದರು. ಮನೆಯಲ್ಲಿ ಹೊಸಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಹೇಳಿದ್ದರು.

ಬಸ್ಸಿನಲ್ಲಿ ರಾಮಸಾಗರ ದಾಟಿ, ಬಾಳೆ ತೋಟಗಳು ದಾಟಿ, ಕಮಲಾಪುರದ ಕೆರೆ ದಾಟುವವರೆಗೂ ಅವರು ಕೈಚೀಲವನ್ನು ಎದೆಗೆ ಅವುಚಿಕೊಂಡು ಕೂತಿದ್ದರು. ಥಿಯೇಟರಿನ ಎದುರು ಪೋಸ್ಟರಿನ ಮೇಲೆ ‘ಎ’ ಎಂದು ಬೋರ್ಡಿನಷ್ಟು ದೊಡ್ಡದಾಗಿ ಬರೆದಿತ್ತು. “ಪಂಪಾ, ಸೆರಗು ಮ್ಯಾಲೆ ತಗೊ” ಅಂದರು. ಒಳಗೆ ಹೋಗುವಾಗ ನಮ್ಮೂರಿನ ಗೊಬ್ಬರದ ಅಂಗಡಿಯವ ಎದುರಾದ. ನಮ್ಮನ್ನು ಕಂಡು ಆತನೇ ಟವಲಿನಲ್ಲಿ ಮುಖ ಮುಚ್ಚಿಕೊಂಡ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಸಿನಿಮಾ ಶುರುವಾಯಿತು. ಮುಕ್ಕಾಲು ಪಾಲು ಕತ್ತಲೆ. ಒಂದು ಕಂದೀಲು, ನೀರಿನ ಸದ್ದು, ಕೀಲಿ ತಿರುಗುವ ಸದ್ದು, ಅಷ್ಟೇ. ಹಾಡಿಲ್ಲ, ಕುಣಿತವಿಲ್ಲ. ಗಂಡ ಮೆಟ್ಟಿಲು ಹತ್ತುವಾಗ ಕ್ಯಾಮೆರಾ ಆತನ ಕಾಲನ್ನು ಮಾತ್ರ ತೋರಿಸುತ್ತದೆ. ಆಮೇಲೆ ಹರಿಗೋಲಿನವನು ಬಂದ. ಒಡಹುಟ್ಟಿದವನಂತೂ ಖಂಡಿತ ಅಲ್ಲ. ಮಡುವಿನ ದಂಡೆಯಲ್ಲಿ ಪದ್ಮಲೇಖಾ ಅವನಿಗೆ ತನ್ನ ಬೆನ್ನು ತೋರಿಸುತ್ತಾಳೆ. ಬಾಸುಂಡೆಗಳು. ಅವನು ಬೊಗಸೆಯಲ್ಲಿ ನೀರು ಎತ್ತಿ ಅವುಗಳ ಮೇಲೆ ಸುರಿಯುತ್ತಾನೆ, ನಿಧಾನಕ್ಕೆ, ಮತ್ತೆ ಮತ್ತೆ. ಅವಳ ಉಸಿರು ಏರುವುದು ಇಡೀ ಥಿಯೇಟರಿಗೆ ಕೇಳುತ್ತದೆ. ಆಮೇಲೆ ಅವನ ತುಟಿ ಆ ಗಾಯದ ಮೇಲೆ. ಮೊದಲು ಸೀಟಿ ಹೊಡೆದ ಹುಡುಗರೂ ಸುಮ್ಮನಾದರು. ನನ್ನ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಜೊತೆಗೆ ಭಯ. ಈಗ ಬರುತ್ತಾನೆ, ಈಗ ಆ ಕಾಲು ಕಾಣಿಸುತ್ತದೆ ಎಂದು ಕುರ್ಚಿಯ ಕೈ ಹಿಡಿದುಕೊಂಡೇ ಇದ್ದೆ.

ಅಕ್ಕನಾಗಮ್ಮ ಕಣ್ಣು ಮುಚ್ಚಿಕೊಂಡಿರುತ್ತಾರೆ, ಶಿವ ಶಿವಾ ಅನ್ನುತ್ತಿರುತ್ತಾರೆ ಎಂದು ಪಕ್ಕಕ್ಕೆ ತಿರುಗಿದೆ. ಅವರ ಕಣ್ಣು ಪರದೆಯ ಮೇಲೆ ನೆಟ್ಟಿತ್ತು, ತುಟಿ ಅಲ್ಲಾಡುತ್ತಿತ್ತು. ನಾನು ಕಿವಿ ಹತ್ತಿರ ಒಯ್ದೆ.

“ನಿನ್ನ ಕೈ ತಣ್ಣಗಿದೆ, ತೆಗೆಯಬೇಡ” ಎಂದರು ಅಕ್ಕನಾಗಮ್ಮ, ಪಿಸುಮಾತಿನಲ್ಲಿ.

ಪರದೆಯ ಮೇಲಿನ ಪದ್ಮಲೇಖಾ ಅದೇ ಮಾತನ್ನು ಅವರ ನಂತರ ಹೇಳಿದಳು.

ಈ ಮಾತುಗಳನ್ನು ಅವರು ನಮಗೆ ಒಂದು ಸಲವೂ ಓದಿರಲಿಲ್ಲ. ಆದರೆ ಅವರಿಗೆ ಅವು ಬಾಯಿಪಾಠವಾಗಿದ್ದವು.

ಕಡೆಗೆ ಗಂಡ ಬಂದ. ಕೀಲಿಗೊಂಚಲನ್ನು ಅವಳ ಮಡಿಲಿಗೆ ಹಾಕಿದ. ಕಾಲು ಹಿಡಿದು ಅತ್ತ. ನಾನು ಅಭ್ಯಾಸಬಲದಿಂದ ಕಣ್ಣೊರೆಸಿಕೊಂಡು ಚಪ್ಪಲಿ ಹುಡುಕಿದೆ. ಅಕ್ಕನಾಗಮ್ಮ ನನ್ನ ಕೈ ಹಿಡಿದು ಕೂರಿಸಿದರು. ಸಿನಿಮಾ ಮುಗಿದಿರಲಿಲ್ಲ. ಅತ್ತು ಮುಗಿಸಿದ ಗಂಡ ಅವಳಿಗೆ ಹೊಸ ಸೀರೆ ತಂದ, ನಾವಿಬ್ಬರೇ ಆಚೆ ದಡಕ್ಕೆ ಹೋಗೋಣ ಎಂದ. ಅವಳು ನಂಬಿದಳು. ಹರಿಗೋಲು ಮಡುವಿನ ನಡುವೆ ಬಂದಾಗ ಗಂಡ ಹುಟ್ಟು ಹಾಕುವುದನ್ನು ನಿಲ್ಲಿಸಿದ. ನಗುತ್ತಲೇ ಇದ್ದ. ಮುಂದಿನ ದೃಶ್ಯದಲ್ಲಿ ದಂಡೆಯಲ್ಲಿ ಜನ, ಅವಳ ಹೆಣದ ಪಕ್ಕ ಕೂತು ಗೋಳಾಡುವ ಅವನು, ಅವನ ಬೆನ್ನು ಸವರುವ ಊರ ಹಿರಿಯರು. ದೀಪ ಹತ್ತಿದಾಗ ಯಾರೂ ಬೇಗ ಏಳಲಿಲ್ಲ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಆರುತ್ತಿತ್ತು. ನನಗೆ ಸಿಟ್ಟು ಬಂದಿತ್ತು, ಹಿರಿಯರು ಎಂದೂ ನೋಡಲಿಲ್ಲ.

“ಪುಸ್ತಕದಾಗೂ ಹಿಂಗ ಐತೇನ್ರಿ?”

“ಹಿಂಗ ಐತಿ.”

“ಮತ್ತ ನಮಗ ಯಾಕ ಹಂಗ ಓದಿದ್ರಿ?”

“ಅಂಜಿಕಿ ಪಂಪಾ” ಅಂದರು. “ಮೊದಲ್ನೇ ಸಲ ಹೊಳಿ ದಂಡಿ ಪುಟ ಬಂದಾಗ ಎದುರಿಗೆ ಹಂಪಮ್ಮ ಕುಂತಿದ್ಲು. ಇದನ್ನ ಓದಿದ್ರ ನಾಳಿಂದ ಒಬ್ಬ ಸೊಸಿನೂ ನಮ್ಮ ಮನೀಗೆ ಬರೂದಿಲ್ಲ ಅನಿಸ್ತು. ಎರಡು ಪುಟ ಕೂಡಿಸಿ ತಿರುವಿದೆ. ಯಾರಿಗೂ ತಿಳೀಲಿಲ್ಲ. ಕಡೀಗೆ ಆತ ಅಳೂ ತನಕ ಓದಿದೆ. ನೀವೆಲ್ಲ ಅಳಾಕತ್ತಿದ್ರಿ. ಇಲ್ಲಿಗೇ ಇರ್ಲಿ ಅಂತ ಮುಚ್ಚಿಬಿಟ್ಟೆ.”

“ಸೌಜನ್ಯ ಆ ಕಥಿ ನಂಬಿ ವಾಪಸ್ ಬಂದ್ಲು.”

“ಗೊತ್ತೈತಿ.”

“ಗುರುವಾರ ಆಕಿನ್ನ ಕುರೆಕುಪ್ಪಕ್ಕ ಕರಕೊಂಡು ಹೋಗ್ತಾನ. ಒಬ್ಬಾಕಿನ್ನ.”

“ಗೊತ್ತೈತಿ ಅಂದ್ನೆಲ್ಲ!” ಎಂದು ಅವರು ಗದರಿದ್ದಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಆ ಕ್ಷಣವೇ ಅವರ ದನಿ ಇಳಿಯಿತು. “ನಾ ನೋಡಬ್ಯಾಡ್ರಿ ಅಂದ್ರ ಯಾರೂ ನೋಡೂದಿಲ್ಲ. ನಾ ಹೇಳಿದ ಕಥಿ ಹಂಗ ಉಳೀತದ. ನೋಡ್ರಿ ಅಂದ್ರ ಬಳಗ ಮುರೀತದ. ಈ ವಯಸ್ಸಿನಾಗ ಊರು ನನ್ನ ಮುಖಕ್ಕ ಉಗಳ್ತದ.”

ಅವರ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ, ಹೇಳುವುದು ಸುಲಭ.

ಭಾನುವಾರ ಅವರ ಮನೆಗೆ ಹೊಲಿದ ರವಿಕೆ ಕೊಡಲು ಹೋದೆ. ಪಡಸಾಲೆಯಲ್ಲಿ ಶಂಭುಲಿಂಗ ಕೂತಿದ್ದ. ಕೈಯಲ್ಲಿ ಚಹಾ, ಪಕ್ಕದಲ್ಲಿ ಬಾಳೆಹಣ್ಣಿನ ಚಿಪ್ಪು. ಅಂದಾನಪ್ಪನವರ ಕಾಲಿಗೆ ನಮಸ್ಕಾರ ಮಾಡಿ ಆಗಲೇ ಮುಗಿಸಿದ್ದ. ನಾನು ಬಂದದ್ದಕ್ಕೂ ನಕ್ಕು ತಲೆದೂಗಿದ.

“ಸಿನಿಮಾ ನೋಡಿ ಬಂದೀರಂತ ಅಕ್ಕಾರೆ” ಅಂದ. ಕಣ್ಣಿನ ಡಾಕ್ಟರ ಕಥೆ ಹೇಳಿ ಹೋಗಿದ್ದ ಅಕ್ಕನಾಗಮ್ಮ ಗಂಡನ ಕಡೆ ನೋಡಿದರು. ಅಂದಾನಪ್ಪನವರು ನೆಲ ನೋಡಿದರು. “ನಾನೂ ನೋಡಿದೆ. ಸೌಜನ್ಯ ದಿನಾ ಆ ಕಥಿ ಹೇಳ್ತಾಳ, ಅದಕ್ಕ ಏನೈತಿ ನೋಡೂಣು ಅಂತ ಹೋಗಿದ್ದೆ. ಅದು ಹೆಣ್ಣುಮಕ್ಕಳು ನೋಡೂದಲ್ಲ. ನೀವು ಬ್ಯಾಡ ಅಂತ ಹೇಳಿಬಿಡ್ರಿ.”

“ನಾ ಇನ್ನಾ ಏನೂ ಹೇಳಿಲ್ಲಪ” ಅಂದರು ಅಕ್ಕನಾಗಮ್ಮ.

“ಆಕೀದು ಮೆತ್ತನ್ನ ಮನಸ್ಸು. ನೀವು ಎಲ್ಲಿ ತನಕ ಓದಿದ್ರಿ, ಅಲ್ಲಿ ತನಕ ಭಾಳ ಚಲೋ ಐತಿ ಕಥಿ. ಅಲ್ಲಿಗೇ ಬಿಡ್ರಿ.” ಚಹಾ ಕಪ್ಪನ್ನು ಸದ್ದಾಗದಂತೆ ತಟ್ಟೆಯ ಮೇಲಿಟ್ಟ. “ಮುಂದಿಂದು ನಾವು ನೋಡ್ಕೊಂತೀವಿ.”

ಅವನು ದನಿ ಏರಿಸಲಿಲ್ಲ. ಕೈ ಮುಗಿದು, ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಂಡು ಹೋದ. ಅವನ ಗಾಡಿಯ ಸದ್ದು ಓಣಿ ದಾಟುವವರೆಗೂ ಮೂವರೂ ಅಲ್ಲಾಡಲಿಲ್ಲ.

“ನೋಡು, ಗಂಡ ಹೆಂಡ್ತಿ ವಿಷಯ” ಎಂದರು ಅಂದಾನಪ್ಪನವರು, ಗಂಟಲು ಸರಿಮಾಡಿಕೊಂಡು. ಒಳ್ಳೆಯ ಮನುಷ್ಯ. ಯಾರ ಉಸಾಬರಿಗೂ ಹೋಗದ ಒಳ್ಳೆಯ ಮನುಷ್ಯ. “ನಮಗ್ಯಾಕ ಬೇಕು? ಬ್ಯಾಡ ಅಂದ್ಬಿಡು, ಮುಗೀತು.”

“ಹೂಂ” ಅಂದರು ಅಕ್ಕನಾಗಮ್ಮ. ಆ ‘ಹೂಂ’ ಕೇಳಿ ನಾನು ಮನೆಗೆ ಬಂದೆ. ಸೌಜನ್ಯಳ ಪರದೆಗೆ ಅಂಚು ಹೊಲಿಯಲು ಕೂತರೆ ಮಷೀನಿನ ಮೇಲೆ ಕಾಲು ಏಳಲಿಲ್ಲ. ಮುಗಿಯಿತು ಇವಳ ಕಥೆ ಎಂದುಕೊಂಡೆ. ಮುದುಕಿ ಅಂಜುಬುರುಕಿ ಎಂದು ಬಾಯಿ ಬಿಟ್ಟು ಬೈದೆ ಕೂಡ.

ಸೋಮವಾರ ಪಡಸಾಲೆ ತುಂಬಿತ್ತು. ಕಾರ್ತಿಕ ಹತ್ತಿರವಾದ್ದರಿಂದ ಎಲ್ಲರೂ ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದರು. ಹಂಪಮ್ಮ ಗೋಡೆಗೆ ಒರಗಿದ್ದಳು, ಪಕ್ಕದಲ್ಲಿ ಸೌಜನ್ಯ. ವಚನವಾಯಿತು, ಮಂಗಳಾರತಿಯಾಯಿತು. ಅಕ್ಕನಾಗಮ್ಮನ ದನಿ ಎರಡು ಕಡೆ ತಪ್ಪಿತು, ಯಾರೂ ಗಮನಿಸಲಿಲ್ಲ. ಮಂಡಕ್ಕಿಯ ತಾಟು ಖಾಲಿಯಾಗುವ ಮೊದಲೇ ಪದ್ದಿಯ ಅಜ್ಜಿ ಕೇಳಿಬಿಟ್ಟಳು.

“ಅಕ್ಕಾರೆ, ಸಿನಿಮಾ ಹೆಂಗೈತ್ರಿ? ನೋಡಬಹುದಾ?”

ಅಕ್ಕನಾಗಮ್ಮ ನೀರು ಕುಡಿದರು. ಲೋಟ ಕೆಳಗಿಟ್ಟು ಬಾಗಿಲ ಕಡೆ ಒಮ್ಮೆ ನೋಡಿದರು.

“ಚಲೋ ಐತಿ” ಅಂದರು. “ಭಾಳ ಚಲೋ ಐತಿ. ಪೂರಾ ಕತ್ತಲಿ ಐತಿ, ಅಂಜಿಕಿ ಬರ್ತದ. ಹೆಣ್ಣಿನ ಆಸೀನೂ ಐತಿ, ಮುಚ್ಚಿಡದಂಗ ತೋರಿಸ್ಯಾರ. ನಾಚಿಕಿ ಬಂದ್ರ ಬರ್ಲಿ, ಅತ್ತಿ ಸೊಸಿ ಆಜೂಬಾಜೂ ಕುಂತು ನೋಡ್ರಿ. ನೋಡಬಹುದು ಅನ್ನೂದಿಲ್ಲ ನಾನು. ನೋಡಲೇಬೇಕು ಅಂತೀನಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಂಪಮ್ಮನ ಹುಬ್ಬು ಗಂಟಾಯಿತು.

“ನಮ್ಮ ಶಂಭು ನೋಡ್ಯಾನಂತ. ಭಾಳ ಹೊಲಸು ಐತಿ, ಪುಸ್ತಕ ಕೆಡಿಸ್ಯಾರ ಅಂದ.”

“ಅವರು ಕೆಡಿಸಿಲ್ಲವ್ವ. ಕೆಡಿಸಿದಾಕಿ ನಾನು.”

ಯಾರಿಗೂ ಅರ್ಥವಾಗಲಿಲ್ಲ. ಅವರು ದಿಂಬಿನ ಕೆಳಗಿಂದ ‘ಮಡುವಿನ ಮನೆ’ ತೆಗೆದರು. ನಾವೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದ ಪುಟ ತೆರೆದು, ಮುಂದೆ ಉಳಿದ ಹಾಳೆಗಳನ್ನು ಬೆರಳ ನಡುವೆ ಹಿಡಿದು ಎತ್ತಿ ತೋರಿಸಿದರು. ಅದು ಸಣ್ಣ ಕಟ್ಟಲ್ಲ.

“ನಾ ಮುಕ್ತಾಯ ಅಂತಿದ್ನೆಲ್ಲ, ಅಲ್ಲಿಗೆ ಕಥಿ ಮುಗಿಯೂದಿಲ್ಲ. ಇಷ್ಟು ಐತಿ ಇನ್ನಾ. ನಿಮಗೆಲ್ಲ ಅಂಜಿ ಓದಿರಲಿಲ್ಲ. ಇವತ್ತ ಓದ್ತೀನಿ. ಆಮ್ಯಾಲೆ ನೀವು ಉಗುಳ್ತೀರೋ, ಎದ್ದು ಹೋಗ್ತೀರೋ, ನಿಮಗ ಬಿಟ್ಟದ್ದು.”

ಓದಿದರು. ಹೊಸ ಸೀರೆ ಬಂತು. ನಾವಿಬ್ಬರೇ ಹೋಗೋಣ ಎಂಬ ಮಾತು ಬಂತು. ಗಂಡಸಿನ ದನಿಯನ್ನು ಅವರು ಗಡುಸಾಗಿ ಓದಲಿಲ್ಲ, ಮೆತ್ತಗೆ ಓದಿದರು, ಕೈ ಮುಗಿದು ಮಾತಾಡುವವನ ಹಾಗೆ. ಹೆಂಗಸರು ತಲೆ ತಗ್ಗಿಸಿದ್ದರು. ಹರಿಗೋಲು ನಡು ಮಡುವಿಗೆ ಬಂದಾಗ ಸೌಜನ್ಯಳ ಕೈ ತನ್ನದೇ ತೋಳನ್ನು, ಉದ್ದ ತೋಳಿನ ಬಟ್ಟೆಯನ್ನು, ಗಟ್ಟಿಯಾಗಿ ಹಿಡಿದುಕೊಂಡಿತ್ತು.

“ಏಳು ಸೌಜನ್ಯ, ಇಂಥಾದ್ದೆಲ್ಲ ಕೇಳಬಾರದು” ಎಂದು ಹಂಪಮ್ಮ ಅವಳ ಭುಜ ಅಲುಗಿಸಿದಳು. ಸೌಜನ್ಯ ಏಳಲಿಲ್ಲ.

“ಮುಂದ ಓದ್ರಿ ಅಕ್ಕಾರೆ.”

ಅಕ್ಕನಾಗಮ್ಮ ಕಡೆಯ ಪುಟದವರೆಗೂ ಓದಿದರು. ಈ ಸಲ ‘ಮುಕ್ತಾಯ’ ಅನ್ನಲಿಲ್ಲ. ಪದ್ದಿಯ ಅಜ್ಜಿ ಮಾತ್ರ “ಅಯ್ಯೋ ಶಿವನ, ಕೂಸಿಗೆ ಆ ಹೆಸರು ಇಟ್ಟೀವಲ್ಲ” ಎಂದು ಸಣ್ಣಗೆ ಅಳತೊಡಗಿದಳು.

“ಹಂಗಾದ್ರ ಆತ ಅತ್ತದ್ದು?” ಎಂದು ಕೇಳಿದಳು ಸೌಜನ್ಯ.

“ಸುಳ್ಳವ್ವ.”

“ಬದಲಾಗಲಿಲ್ಲೇನ್ರಿ ಆತ?”

“ಇಲ್ಲ. ಬದಲಾದ ಅಂತ ನಿನಗ ಹೇಳಿದಾಕಿ ನಾನು. ಪುಸ್ತಕದಾಗ ಎಲ್ಲೂ ಹಂಗ ಇಲ್ಲ.” ಅಕ್ಕನಾಗಮ್ಮನ ಕನ್ನಡಕ ಮಂಜಾಗಿತ್ತು, ಅವರು ಒರೆಸಿಕೊಳ್ಳಲಿಲ್ಲ. “ಕುರೆಕುಪ್ಪಕ್ಕ ಹೋಗಬ್ಯಾಡ ನನ್ನವ್ವ. ನಿನ್ನ ಕಾಲಿಗೆ ಬೀಳ್ತೀನಿ.”

ಈಗ ಹಂಪಮ್ಮ ಕಿರುಚುತ್ತಾಳೆ, ಮಗನಿಗೆ ಫೋನು ಮಾಡುತ್ತಾಳೆ, ಅವನು ಬರುತ್ತಾನೆ ಎಂದು ನಾನು ಬಾಗಿಲ ಕಡೆ ನೋಡಿದೆ. ಅಲ್ಲಿದ್ದ ಎಲ್ಲರೂ ಬಾಗಿಲ ಕಡೆಗೇ ನೋಡುತ್ತಿದ್ದರು. ಹಂಪಮ್ಮ ಕಿರುಚಲಿಲ್ಲ. ಯಾರ ಮುಖವನ್ನೂ ನೋಡದೆ ಕೇಳಿದಳು.

“ಆ ಮನಿಯಾಗ ಆತನ ತಾಯಿ ಇದ್ಲಲ್ಲ. ಆಕಿ ಏನು ಮಾಡ್ತಾಳ ಪುಸ್ತಕದಾಗ?”

ಅಕ್ಕನಾಗಮ್ಮ ಪುಟ ತಿರುವಲಿಲ್ಲ. ಅದೂ ಅವರಿಗೆ ಬಾಯಿಗೆ ಬರುತ್ತಿತ್ತು.

“ಏನೂ ಮಾಡೂದಿಲ್ಲ ಹಂಪಮ್ಮ. ಮ್ಯಾಲೆ ಬಡಿಯೂ ಸದ್ದು ಕೇಳ್ತಿರ್ತದ. ಆಕಿ ಕೆಳಗ ಕುಂತು ದೇವರಿಗೆ ಬತ್ತಿ ಹೊಸೀತಿರ್ತಾಳ.”

ಹಂಪಮ್ಮ ತನ್ನ ತೊಡೆಯ ಮೇಲಿದ್ದ ಹತ್ತಿ ನೋಡಿದಳು. ಬೆರಳುಗಳ ನಡುವೆ ಅರ್ಧ ಹೊಸೆದ ಬತ್ತಿ ಹಾಗೇ ಇತ್ತು. ಅದನ್ನು ಕೆಳಗಿಡಲು ಆಕೆಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಗೋಡೆ ಹಿಡಿದು ಎದ್ದಳು, ಚಪ್ಪಲಿ ಮೆಟ್ಟಿದಳು, ಸೊಸೆ ಹಿಂದೆ ಬರುತ್ತಾಳೇನೋ ಎಂಬಂತೆ ಒಂದು ಕ್ಷಣ ನಿಂತಳು.

“ನೀ ಇಲ್ಲೇ ಇರು” ಅಂದಳು. “ಕೇಳಿದ್ರ ಸಂಡೂರಿಗೆ ಹೋದ್ಲು ಅಂತ ಹೇಳ್ತೀನಿ. ನಿಮ್ಮಪ್ಪಗ ಈಗ್ಲೇ ಫೋನು ಹಚ್ಚು, ಶಂಭು ಮನೀಗೆ ಬರೂದ್ರೊಳಗ.”

ಇಷ್ಟು ಹೇಳಿ ಮಗ ಬರಲಿದ್ದ ಮನೆಯ ಕಡೆಗೆ ಆಕೆ ಒಬ್ಬಳೇ ನಡೆದು ಹೋದಳು.